ಊರಲ್ಲಿ ಸುಮ್ಮನಿರುವ ಸ್ಟೀರಿಂಗ್ ಹುಣಸೂರು ದಾಟಿದ ಮೇಲೆ ಯಾಕೆ ನಡುಗುತ್ತದೆ?

ಪ್ರಶ್ನೆ: ಸಿದ್ದಾಪುರದ ಹತ್ತಿರ ನಮ್ಮದೊಂದು ಸಣ್ಣ ಕಾಫಿ ತೋಟ. ಕಾರು 2019ರ ಸ್ವಿಫ್ಟ್ ವಿಎಕ್ಸ್‌ಐ. ಹೋದ ಬೇಸಿಗೆಯಲ್ಲಿ ಮಗನ ಒತ್ತಾಯಕ್ಕೆ 14 ಇಂಚಿನ ಸ್ಟೀಲ್ ರಿಮ್ ತೆಗೆಸಿ 15 ಇಂಚಿನ ಅಲಾಯ್ ಹಾಕಿಸಿದೆ. ಆ ಅಲಾಯ್ ಕಾರು ಕಂಪನಿಯದ್ದಲ್ಲ, ಹೊರಗಿನದ್ದು. ಟಯರ್ 185/65. ತೋಟದ ರಸ್ತೆಯಲ್ಲಾಗಲಿ, ವಿರಾಜಪೇಟೆ, ಮಡಿಕೇರಿಗೆ ಹೋಗುವಾಗಲಾಗಲಿ ಏನೂ ತೊಂದರೆ ಇಲ್ಲ. ಆದರೆ ತಿತಿಮತಿ ದಾರಿಯಲ್ಲಿ ಮೈಸೂರಿಗೆ ಹೊರಟರೆ, ಹುಣಸೂರು ದಾಟಿ 80–90ರ ವೇಗ ಬಂದ ಕೂಡಲೇ ಸ್ಟೀರಿಂಗ್ ನಡುಗುತ್ತದೆ. ಎರಡು ಸಲ ಬ್ಯಾಲೆನ್ಸಿಂಗ್ ಮಾಡಿಸಿದೆ. ಮೆಷಿನ್ ಸೊನ್ನೆ ತೋರಿಸಿತು, ನಡುಕ ಹೋಗಲಿಲ್ಲ. ಒಬ್ಬ ಮೆಕ್ಯಾನಿಕ್ ಹಬ್ ರಿಂಗ್ (ರಿಮ್‌ನ ನಡುವಿನ ತೂತಿಗೆ ಕೂರಿಸುವ ಬಳೆ) ಹಾಕಿಲ್ಲ, ಚಕ್ರ ಕಳಚಿ ಹೋಗಬಹುದು ಎಂದು ಹೆದರಿಸಿದರು. ಇನ್ನೊಬ್ಬರು ರಿಂಗ್ ಎಲ್ಲ ದುಡ್ಡು ಮಾಡುವ ದಾರಿ ಎಂದರು. ಪ್ಲಾಸ್ಟಿಕ್ ರಿಂಗ್ ಹಾಕಿಸಿದ್ದ ನಮ್ಮ ಭಾವನದ್ದು ಸಂಪಾಜೆ ಘಾಟಿ ಇಳಿಯುವಾಗ ಕರಗಿ ಹೋಯಿತಂತೆ. ಅಲ್ಯೂಮಿನಿಯಂ ಹಾಕಿದರೆ ಕೊಡಗಿನ ಮಳೆಗೆ ಅಂಟಿಕೊಂಡು ಬರುವುದೇ ಇಲ್ಲ ಎನ್ನುತ್ತಾರೆ. ನಾನೇನು ಮಾಡಲಿ? ಹಳೆ ಸ್ಟೀಲ್ ರಿಮ್‌ಗಳು ಟಯರ್ ಸಮೇತ ಕಾಫಿ ಸ್ಟೋರಿನಲ್ಲಿ ಬಿದ್ದಿವೆ.

ಉತ್ತರ: ನಿಮ್ಮ ಪತ್ರದ ಕೊನೆಯ ಸಾಲು ಓದಿ ನನಗೆ ಖುಷಿಯಾಯಿತು. ಆ ಹಳೆ ರಿಮ್‌ಗಳಿಂದ ನಿಮಗೆ ಒಂದು ಪೈಸೆ ಖರ್ಚಿಲ್ಲದೆ ಅರ್ಧ ಉತ್ತರ ಸಿಗುತ್ತದೆ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಹೆದರಿಕೆಯ ವಿಷಯ ಮುಗಿಸೋಣ. ರಿಂಗ್ ಇಲ್ಲ ಅನ್ನುವ ಒಂದೇ ಕಾರಣಕ್ಕೆ ಚಕ್ರ ಕಳಚಿ ಹೋಗುವುದಿಲ್ಲ. ಕಾರಿನ ಭಾರ ರಿಂಗ್ ಮೇಲೆ ಕೂತಿಲ್ಲ. ನಟ್ ಬಿಗಿದಾಗ ರಿಮ್‌ನ ಹಿಂಬದಿ ಹಬ್‌ನ (ಕಾರಿನಲ್ಲಿ ಚಕ್ರ ಕೂರುವ, ಚಕ್ರದ ಜೊತೆ ತಿರುಗುವ ಭಾಗ) ಚಪ್ಪಟೆ ಮುಖಕ್ಕೆ ಗಟ್ಟಿಯಾಗಿ ಒತ್ತಿಕೊಳ್ಳುತ್ತದೆ. ಎರಡು ಲೋಹದ ಮುಖಗಳ ನಡುವಿನ ಆ ಹಿಡಿತವೇ ಕಾರನ್ನು ಹೊರುವುದು, ಬ್ರೇಕಿನ ಎಳೆತ ತಡೆಯುವುದು. ಪ್ಲಾಸ್ಟಿಕ್‌ನಲ್ಲಿ ರಿಂಗ್ ಮಾಡಲು ಧೈರ್ಯ ಬಂದಿರುವುದೇ ಅದಕ್ಕೆ. ಭಾರ ಹೊರಬೇಕಾಗಿದ್ದರೆ ಪ್ಲಾಸ್ಟಿಕ್ ಯಾರು ಹಾಕುತ್ತಿದ್ದರು? ಚಕ್ರ ಕಳಚುವುದು ನಟ್ ಸಡಿಲವಾದಾಗ. ನಟ್ ಸಡಿಲವಾದರೆ ಚಿನ್ನದ ರಿಂಗ್ ಇದ್ದರೂ ಉಳಿಸುವುದಿಲ್ಲ.

ಹಾಗಾದರೆ ರಿಂಗ್ ಮಾಡುವ ಕೆಲಸವಾದರೂ ಏನು? ಚಕ್ರ ತೆಗೆದರೆ ಹಬ್‌ನ ನಟ್ಟನಡುವೆ ಒಂದು ಗುಂಡನೆಯ ಏಣು ಹೊರಗೆ ಚಾಚಿರುವುದು ಕಾಣುತ್ತದೆ. ಸ್ವಿಫ್ಟ್‌ನಲ್ಲಿ ಅದರ ಅಡ್ಡಳತೆ 54.1 ಮಿಲಿಮೀಟರ್. ಕಂಪನಿಯ ಸ್ಟೀಲ್ ರಿಮ್‌ನ ನಡುವಿನ ತೂತು ಇದಕ್ಕೆ ಸರಿಯಾಗಿ ಕೂರುವಂತೆ ಕೊರೆದಿರುತ್ತಾರೆ. ಬಟ್ಟಲ ಮೇಲೆ ಮುಚ್ಚಳ ಕೂತಂತೆ ಅದು ತಾನಾಗಿ ನಡುವಿಗೆ ಬಂದು ನಿಲ್ಲುತ್ತದೆ. ಹೊರಗಿನ ಅಲಾಯ್ ಮಾಡುವವರು ಒಂದೇ ರಿಮ್ಮನ್ನು ಹತ್ತು ಬಗೆ ಕಾರಿಗೆ ಮಾರಬೇಕು. ಹಾಗಾಗಿ ತೂತನ್ನು ದೊಡ್ಡದಾಗಿಯೇ ಕೊರೆದಿಡುತ್ತಾರೆ. ಜಾಸ್ತಿ ನೋಡಸಿಗುವ ಅಳತೆ 73.1. ಲೆಕ್ಕ ಹಾಕಿ: 73.1ರಲ್ಲಿ 54.1 ಕಳೆದರೆ 19, ಅಂದರೆ ಸುತ್ತಲೂ ಒಂಬತ್ತೂವರೆ ಮಿಲಿಮೀಟರ್ ಖಾಲಿ ಜಾಗ. ಕಿರುಬೆರಳು ತೂರಬಹುದು. ಈ ಖಾಲಿ ಜಾಗ ತುಂಬಿ ರಿಮ್ಮನ್ನು ನಡುವಿಗೆ ತರುವುದು ರಿಂಗ್‌ನ ಕೆಲಸ. ಅದಕ್ಕಿಂತ ಹೆಚ್ಚಿಲ್ಲ, ಕಡಿಮೆಯೂ ಇಲ್ಲ.

ದುಡ್ಡು ಮಾಡುವ ದಾರಿ ಎಂದ ಮೆಕ್ಯಾನಿಕ್ ಪೂರ್ತಿ ಸುಳ್ಳು ಹೇಳಿಲ್ಲ ಎನ್ನಲೇಬೇಕು. ನಿಮ್ಮ ಕಾರಿನ ನಟ್‌ಗಳ ತುದಿ ಓರೆಯಾಗಿ, ಆಲಿಕೆಯಂತೆ ಇರುತ್ತದೆ. ರಿಮ್‌ನ ತೂತೂ ಅದೇ ಓರೆಯಲ್ಲಿ ಕೊರೆದಿರುತ್ತದೆ. ಹದವಾಗಿ ಬಿಗಿದರೆ ಈ ಓರೆಯೇ ರಿಮ್ಮನ್ನು ನಡುವಿಗೆ ಎಳೆದುಕೊಳ್ಳುತ್ತದೆ. ರಿಂಗ್ ಇಲ್ಲದೆಯೂ ನಡುಕವಿಲ್ಲದೆ ಓಡುವ ಅಲಾಯ್‌ಗಳನ್ನು ನಾನೇ ಬೇಕಾದಷ್ಟು ನೋಡಿದ್ದೇನೆ. ಆದರೆ "ಹದವಾಗಿ" ಅನ್ನುವ ಮಾತಿನಲ್ಲೇ ಎಲ್ಲ ಇದೆ. ಟಯರ್ ಅಂಗಡಿಯಲ್ಲಿ ಏನಾಗುತ್ತದೆ? ಹುಡುಗ ಭಾರದ ಚಕ್ರವನ್ನು ಸ್ಟಡ್‌ಗೆ (ಹಬ್‌ನಿಂದ ಚಾಚಿರುವ, ನಟ್ ಹತ್ತುವ ಬೋಲ್ಟ್) ನೇತು ಹಾಕುತ್ತಾನೆ. ಅದು ತನ್ನ ಭಾರಕ್ಕೆ ಸ್ವಲ್ಪ ಕೆಳಗೆ ಜಾರಿ ನಿಂತಿರುತ್ತದೆ. ಮೇಲಿನ ನಟ್‌ಗೆ ಗಾಳಿ ಗನ್ ಹಿಡಿದು ಟರ್ರ್ ಎಂದು ಒಮ್ಮೆಗೇ ಬಿಗಿಯುತ್ತಾನೆ. ಅಷ್ಟೇ, ರಿಮ್ ಎಲ್ಲಿತ್ತೋ ಅಲ್ಲೇ ಕಚ್ಚಿಕೊಂಡಿತು. ಉಳಿದ ಮೂರು ನಟ್‌ಗಳಿಗೆ ಅದನ್ನು ಸರಿಪಡಿಸುವ ಶಕ್ತಿ ಇರುವುದಿಲ್ಲ. ರಿಂಗ್ ಇದ್ದರೆ ಹುಡುಗ ಅವಸರ ಮಾಡಿದರೂ ಚಕ್ರ ಕೆಳಗೆ ಜಾರಲು ಜಾಗವೇ ಇರುವುದಿಲ್ಲ. ನನ್ನ ಮಟ್ಟಿಗೆ ರಿಂಗ್ ಅಂದರೆ ಬಿಗಿಯುವವನ ಅವಸರಕ್ಕೆ ಕಟ್ಟಿದ ವಿಮೆ.

ಇನ್ನು ಮೆಷಿನ್ ಸೊನ್ನೆ ತೋರಿಸಿದ್ದು. ಅದು ಸುಳ್ಳು ಹೇಳಿಲ್ಲ. ಬ್ಯಾಲೆನ್ಸಿಂಗ್ ಮೆಷಿನ್‌ನಲ್ಲಿ ಚಕ್ರವನ್ನು ಹಿಡಿಯುವುದು ನಡುವಿನ ತೂತಿನಿಂದ. ಒಂದು ಗೋಪುರದಂಥ ಕೋನ್ ಆ 73.1ರ ತೂತಿಗೆ ಹೊಕ್ಕು ಚಕ್ರವನ್ನು ಸರಿಯಾಗಿ ನಡುವಿಗೆ ತಂದು ಕೂರಿಸುತ್ತದೆ. ಅಲ್ಲಿ ಸೊನ್ನೆ ಬರಲೇಬೇಕು. ಆದರೆ ಕಾರಿಗೆ ಹಾಕುವಾಗ ಆ ಕೋನ್ ಇಲ್ಲ. ಅಲ್ಲಿ ಅರ್ಧ ಮಿಲಿಮೀಟರ್ ಆಚೀಚೆ ಕೂತರೆ ಮೆಷಿನ್‌ಗೆ ಹೇಗೆ ಗೊತ್ತಾಗಬೇಕು? ಮತ್ತೆ ಮತ್ತೆ ಬ್ಯಾಲೆನ್ಸ್ ಮಾಡಿಸುವುದು, ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ.

ಅರ್ಧ ಮಿಲಿಮೀಟರ್ ಏನು ಮಹಾ ಅನ್ನಿಸಬಹುದು. ಟಯರ್ ಸೇರಿ ನಿಮ್ಮ ಚಕ್ರ ಸುಮಾರು 17 ಕಿಲೋ ಎಂದಿಟ್ಟುಕೊಳ್ಳಿ. ಅದು ಅರ್ಧ ಮಿಲಿಮೀಟರ್ ನಡು ತಪ್ಪಿ ಕೂತರೆ, 15 ಇಂಚಿನ ರಿಮ್‌ನ ಅಂಚಿಗೆ ಹೆಚ್ಚುಕಡಿಮೆ 45 ಗ್ರಾಂ ತೂಕದ ಸೀಸ ಸುಮ್ನೆ ಅಂಟಿಸಿದಷ್ಟು ತಪ್ಪಾಗುತ್ತದೆ. ನಾವು ಬ್ಯಾಲೆನ್ಸ್ ಮಾಡುವಾಗ 5 ಗ್ರಾಂಗೂ ಗಲಾಟೆ ಮಾಡುತ್ತೇವೆ. ಹಾಗಿರುವಾಗ 45 ಗ್ರಾಂ!

ಊರಲ್ಲಿ ಗೊತ್ತಾಗದೆ ಹುಣಸೂರಿನ ಆಚೆ ಗೊತ್ತಾಗುವುದರ ಗುಟ್ಟೂ ಇದೇ ಲೆಕ್ಕದಲ್ಲಿದೆ. ಈ ತಪ್ಪು ತೂಕ ತಿರುಗುವಾಗ ಹುಟ್ಟುವ ಎಳೆತ ವೇಗದ ಜೊತೆ ಸಮನಾಗಿ ಏರುವುದಿಲ್ಲ. ವೇಗ ಎರಡು ಪಟ್ಟಾದರೆ ಎಳೆತ ನಾಲ್ಕು ಪಟ್ಟಾಗುತ್ತದೆ. ನಿಮ್ಮ ಚಕ್ರಕ್ಕೆ 40ರ ವೇಗದಲ್ಲಿ ಅದು ಒಂದು ಕಿಲೋ ತೂಕದಷ್ಟು. 90ಕ್ಕೆ ಬಂದಾಗ ಐದೂವರೆ ಕಿಲೋ ಹತ್ತಿರ. ಅದೂ ಸೆಕೆಂಡಿಗೆ ಹದಿಮೂರು ಸಲ, ಮೇಲೆ ಕೆಳಗೆ, ಹಿಂದೆ ಮುಂದೆ. ಸಿದ್ದಾಪುರದಿಂದ ಆನೆಚೌಕೂರು ಗೇಟಿನವರೆಗೆ ತಿರುವು, ಹಂಪ್, ಕಾಡು. 90 ಎಲ್ಲಿ ಬರಬೇಕು? ನಮ್ಮ ಜಿಲ್ಲೆಯ ರಸ್ತೆಗಳು ಚಕ್ರದ ತಪ್ಪುಗಳನ್ನು ವರ್ಷಗಟ್ಟಲೆ ಮುಚ್ಚಿಡುತ್ತವೆ. ಮಾಂದಲಪಟ್ಟಿಗೆ ಜೀಪ್ ಓಡಿಸುವವರು ಹಬ್ ರಿಂಗ್ ಹೆಸರನ್ನೇ ಕೇಳಿರಲಿಕ್ಕಿಲ್ಲ, ಅವರಿಗೆ ಅದರ ಅಗತ್ಯವೂ ಬಿದ್ದಿರಲಿಕ್ಕಿಲ್ಲ.

ಇಷ್ಟೆಲ್ಲ ಹೇಳಿದ ಮೇಲೂ, ನಿಮ್ಮ ಕಾರಿನ ನಡುಕಕ್ಕೆ ರಿಂಗೇ ಕಾರಣ ಎಂದು ನಾನು ಇಲ್ಲಿಂದ ಹೇಳಲಾರೆ. ಯಾಕೆಂದರೆ ಕೊಡಗಿನ ಕಾರುಗಳಲ್ಲಿ ನಾನು ಕಂಡ ನಡುಕದ ಮೊದಲ ಕಾರಣ ರಿಂಗ್ ಅಲ್ಲ, ಕೆಸರು. ತೋಟದ ಕೆಂಪು ಮಣ್ಣು ರಿಮ್‌ನ ಒಳಮೈಗೆ ಮೆತ್ತಿಕೊಂಡು ಒಣಗಿದರೆ ಸಿಮೆಂಟಿನಂತೆ ಕೂತುಬಿಡುತ್ತದೆ. ಹೊರಗಿನಿಂದ ತೊಳೆದರೆ ಕಾಣುವುದೂ ಇಲ್ಲ, ಹೋಗುವುದೂ ಇಲ್ಲ. ಚಕ್ರದ ಹಿಂಬದಿಗೆ ಕೈ ಹಾಕಿ ಒಮ್ಮೆ ಸವರಿ ನೋಡಿ. ಮುಷ್ಟಿ ಮಣ್ಣು ಬಂದರೆ ಆಶ್ಚರ್ಯವಿಲ್ಲ. ಎರಡನೆಯದು ಗುಂಡಿಗೆ ಬಡಿದು ಒಳ ಅಂಚು ಸೊಟ್ಟಗಾದ ರಿಮ್. ಅಲಾಯ್ ಚಕ್ರವನ್ನು ಮೆಷಿನ್ ಮೇಲೆ ಹಾಕಿ ತಿರುಗಿಸುವಾಗ ಸ್ವಲ್ಪ ಬಗ್ಗಿ, ರಿಮ್‌ನ ಒಳ ಅಂಚು ಕುಣಿಯುತ್ತದೋ ಎಂದು ಕಣ್ಣಲ್ಲೇ ನೋಡಿ. ಬ್ಯಾಲೆನ್ಸ್ ಸೊನ್ನೆ ಇದ್ದೂ ರಿಮ್ ಸೊಟ್ಟಗಿರಬಹುದು.

ನಡುಕ ಯಾವಾಗ ಬರುತ್ತದೆ ಎನ್ನುವುದನ್ನೂ ಗಮನಿಸಿ. ಬ್ರೇಕ್ ಒತ್ತಿದಾಗ ಮಾತ್ರ ಬಂದರೆ ಡಿಸ್ಕ್ ಕಡೆ ನೋಡಬೇಕು. ಆಕ್ಸಿಲರೇಟರ್ ಕೊಟ್ಟಾಗ ಮಾತ್ರ ಬಂದು, ಕಾಲು ತೆಗೆದರೆ ನಿಂತರೆ ಡ್ರೈವ್ ಶಾಫ್ಟ್ ಅನುಮಾನ. ಒಂದೇ ವೇಗದಲ್ಲಿ ಸುಮ್ನೆ ಹೋಗುವಾಗಲೂ ಬಂದರೆ ಚಕ್ರ. ಸ್ಟೀರಿಂಗ್‌ನಲ್ಲಿ ಬಂದರೆ ಸಾಮಾನ್ಯವಾಗಿ ಮುಂದಿನ ಚಕ್ರ, ಸೀಟಿನ ಅಡಿ ಬಂದರೆ ಹಿಂದಿನದ್ದು. ನಿಮ್ಮದು ಸ್ಟೀರಿಂಗ್ ನಡುಕ, ಹಾಗಾಗಿ ಮುಂದಿನಿಂದ ಶುರು ಮಾಡೋಣ.

ಈಗ ಕಾಫಿ ಸ್ಟೋರಿನ ರಿಮ್‌ಗಳಿಗೆ ಬಂದೆ. ನಿಮ್ಮ ಹಳೆ 165/80 ಆರ್14 ಟಯರಿನ ಎತ್ತರ ಸುಮಾರು 620 ಮಿಲಿಮೀಟರ್. ಈಗಿನ 185/65 ಆರ್15 ಸುಮಾರು 621. ಎತ್ತರ ಹೆಚ್ಚುಕಡಿಮೆ ಒಂದೇ. ಹಾಗಾಗಿ ಒಂದು ಒಣ ದಿನ ನೋಡಿಕೊಂಡು, ಮುಂದಿನ ಎರಡೂ ಕಡೆ ಹಳೆ ಸ್ಟೀಲ್ ಚಕ್ರ ಹಾಕಿ, ಗಾಳಿ ನೋಡಿ, ಹಳೆ ನಟ್‌ಗಳನ್ನೇ ಬಳಸಿ ಹುಣಸೂರಿನ ಆಚೆ ಒಮ್ಮೆ ಹೋಗಿ ಬನ್ನಿ. ಹಳೆ ಟಯರ್ ಬಿರುಕು ಬಿಟ್ಟಿದ್ದರೆ ಮಾತ್ರ ಈ ಪ್ರಯೋಗ ಬೇಡ. ಸ್ಟೀಲ್ ಚಕ್ರದಲ್ಲಿ ನಡುಕ ಪೂರ್ತಿ ಹೋದರೆ ತಪ್ಪು ಅಲಾಯ್ ಅಥವಾ ಅದು ಕೂತ ರೀತಿಯಲ್ಲಿದೆ. ಆಗಲೂ ನಡುಗಿದರೆ ರಿಂಗ್‌ಗೆ ದುಡ್ಡು ಹಾಕಬೇಡಿ. ಬಾಲ್ ಜಾಯಿಂಟ್, ಟೈ ರಾಡ್, ಬೇರಿಂಗ್ ನೋಡಿಸಿ. ಇದು ಒಂದು ದಿನದ ಪರೀಕ್ಷೆಗೆ ಮಾತ್ರ. ಮುಂದೆ ಒಂದು ಅಳತೆ, ಹಿಂದೆ ಒಂದು ಅಳತೆ ಇಟ್ಟುಕೊಂಡು ಮಳೆಯಲ್ಲಿ ತಿರುಗಾಡಬೇಡಿ.

ತಪ್ಪು ಅಲಾಯ್‌ನದ್ದೇ ಎಂದಾಯಿತು ಅನ್ನಿ. ಆಗ ರಿಂಗ್ ಆರಿಸುವ ಕೆಲಸ. ಎಲ್ಲರೂ ಮೊದಲು ಕೇಳುವುದು ಪ್ಲಾಸ್ಟಿಕ್ಕಾ ಅಲ್ಯೂಮಿನಿಯಮ್ಮಾ ಎಂದು. ಅದು ಎರಡನೇ ಪ್ರಶ್ನೆ. ಮೊದಲನೆಯದು ಅಳತೆ. ರಿಂಗ್‌ಗೆ ಎರಡು ಅಳತೆ ಇರುತ್ತದೆ: ಹೊರಗಿನದ್ದು ರಿಮ್‌ಗೆ, ಒಳಗಿನದ್ದು ಹಬ್‌ಗೆ. ರಿಂಗ್ ಮೇಲೆ 73.1–54.1 ಎಂದು ಅಚ್ಚೊತ್ತಿರುತ್ತದೆ. ಒಳ ಅಳತೆ ಕಾರಿನಿಂದ ಕಾರಿಗೆ ಬೇರೆ. ಸ್ವಿಫ್ಟ್, ಬಲೆನೊ, ಐ20ಗಳಿಗೆ 54.1. ಹೋಂಡಾ ಸಿಟಿಗೆ 56.1, ಪೋಲೋಗೆ 57.1, ಇನ್ನೋವಾಗೆ 60.1, ಕ್ರೆಟಾಗೆ 67.1. ಹೊರ ಅಳತೆ ನಿಮ್ಮ ಅಲಾಯ್‌ನ ಮೇಲೆ ನಿಂತಿದೆ. ಅನೇಕ ರಿಮ್‌ಗಳ ಹಿಂಬದಿಯಲ್ಲೇ ಅದು ಬರೆದಿರುತ್ತದೆ. ಇಲ್ಲದಿದ್ದರೆ ವರ್ನಿಯರ್ ಕ್ಯಾಲಿಪರ್ ಹಿಡಿದು ಅಳೆಯಿರಿ. ಟೇಪಿನಲ್ಲಿ ಅಳೆದು "73 ಇರಬಹುದು" ಎಂದು ತರಿಸಿದರೆ ಆಗುವುದಿಲ್ಲ. 72.6ರ ತೂತಿನ ರಿಮ್‌ಗಳೂ ಇವೆ.

ಹೋಂಡಾ ಸಿಟಿಯ ರಿಂಗ್ ಸ್ವಿಫ್ಟ್‌ಗೂ ಆಗುತ್ತದೆ ಎಂದು ಕೊಟ್ಟವರಿದ್ದಾರೆ. 56.1 ಮತ್ತು 54.1. ಸುತ್ತಲೂ ಒಂದು ಮಿಲಿಮೀಟರ್ ಸಡಿಲ. ಮೇಲಿನ ಲೆಕ್ಕ ನೆನಪಿದೆಯಲ್ಲ? ಅಂಥ ರಿಂಗ್ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ನನ್ನ ಹತ್ತಿರ ಒಮ್ಮೆ ಒಂದು ಕಾರು ಬಂತು, ಹಬ್‌ನ ಏಣಿಗೆ ಯಾರೋ ಕರೆಂಟ್ ಕೆಲಸದ ಕಪ್ಪು ಟೇಪನ್ನು ದಪ್ಪಗೆ ಸುತ್ತಿದ್ದರು. ಬುದ್ಧಿವಂತಿಕೆಯನ್ನು ಮೆಚ್ಚಬೇಕು, ಆದರೆ ಟೇಪು ಬಿಸಿಗೆ ಅಂಟಾಗಿ ಒಂದು ಕಡೆ ಗುಡ್ಡೆಯಾಗಿತ್ತು. ಲೇಥ್ ಅಂಗಡಿಯಲ್ಲಿ ಅಲ್ಯೂಮಿನಿಯಂ ರಿಂಗ್ ಕೊರೆಸಬಹುದಾ ಎಂದು ಕೆಲವರು ಕೇಳುತ್ತಾರೆ. ಕೊರೆಸಬಹುದು, ಆದರೆ ಹತ್ತರಲ್ಲೊಂದು ಮಿಲಿಮೀಟರ್ ಲೆಕ್ಕ ಹಿಡಿಯುವ ಕೈ ಬೇಕು. ಒಳ ಅಂಚಿಗೆ ಸ್ವಲ್ಪ ಓರೆ ಕೊಡಬೇಕು, ಇಲ್ಲದಿದ್ದರೆ ಹಬ್ ಬುಡದ ತಿರುವಿಗೆ ತಾಗಿ ಪೂರ್ತಿ ಒಳಗೆ ಹೋಗುವುದಿಲ್ಲ.

ಪೂರ್ತಿ ಒಳಗೆ ಹೋಗದಿರುವುದು, ಇದೊಂದು ಮಾತ್ರ ನಿಜಕ್ಕೂ ಅಪಾಯ. ಕೆಲವು ರಿಂಗ್‌ಗಳಿಗೆ ಹೊರಗೆ ತೆಳುವಾದ ತುಟಿ ಇರುತ್ತದೆ. ಅದು ಕೂರಲು ರಿಮ್‌ನಲ್ಲಿ ಓರೆ ಇಲ್ಲದಿದ್ದರೆ ಆ ತುಟಿ ರಿಮ್ ಮತ್ತು ಹಬ್‌ನ ಮುಖದ ನಡುವೆ ಸಿಕ್ಕಿಕೊಳ್ಳುತ್ತದೆ. ಆಗ ರಿಮ್ ಲೋಹಕ್ಕೆ ಲೋಹ ತಾಗಿ ಕೂರುವುದಿಲ್ಲ, ಪ್ಲಾಸ್ಟಿಕ್ ಮೇಲೆ ಕೂರುತ್ತದೆ. ಬಿಗಿದಾಗ ಗಟ್ಟಿ ಅನ್ನಿಸುತ್ತದೆ. ನಾಲ್ಕು ದಿನ ಓಡಿದ ಮೇಲೆ ಪ್ಲಾಸ್ಟಿಕ್ ಚಪ್ಪಟೆಯಾಗಿ ನಟ್ ಸಡಿಲವಾಗುತ್ತದೆ. ರಿಂಗ್‌ನಿಂದಲೇ ಚಕ್ರ ಕಳಚುವ ದಾರಿ ಇದ್ದರೆ ಅದು ಇದೊಂದೇ. ರಿಂಗ್ ಹಾಕಿ ನಟ್ ಬಿಗಿಯುವ ಮೊದಲು, ಚಕ್ರವನ್ನು ಕೈಯಲ್ಲೇ ಒತ್ತಿ ಹಬ್‌ಗೆ ಪೂರ್ತಿ ತಾಗುತ್ತದೋ ಎಂದು ನೋಡಿಕೊಳ್ಳಿ. ತಾಗದಿದ್ದರೆ ನಟ್‌ನಿಂದ ಎಳೆದು ಕೂರಿಸಬೇಡಿ, ರಿಂಗ್ ಬದಲಿಸಿ.

ಇನ್ನೊಂದು ಗೊಂದಲ ಇಲ್ಲೇ ಹೇಳಿಬಿಡುತ್ತೇನೆ. ಸ್ಪೇಸರ್ ಬೇರೆ, ರಿಂಗ್ ಬೇರೆ. ಸ್ಪೇಸರ್ ಚಕ್ರವನ್ನು ಹೊರಗೆ ತಳ್ಳುವ ದಪ್ಪ ತಟ್ಟೆ. ಕಾರು ಅಗಲವಾಗಿ ಕಾಣಲಿ ಎಂದು ಹಾಕಿಸುತ್ತಾರೆ, ಬೇರಿಂಗ್ ಮೇಲೆ ಭಾರ ಜಾಸ್ತಿ ಬೀಳುತ್ತದೆ. ನೀವು ಅದನ್ನು ಕೇಳಿಲ್ಲ, ನಾನೂ ಮುಂದುವರಿಸುವುದಿಲ್ಲ.

ಈಗ ಪ್ಲಾಸ್ಟಿಕ್ ಮತ್ತು ಅಲ್ಯೂಮಿನಿಯಂ. ನಿಮ್ಮ ಭಾವನ ರಿಂಗ್ ಕರಗಿದ್ದು ಕಟ್ಟುಕತೆ ಅಲ್ಲ. ಮಡಿಕೇರಿ ಸಾವಿರ ಮೀಟರಿಗಿಂತ ಎತ್ತರದಲ್ಲಿದೆ. ಅಲ್ಲಿಂದ ಸಂಪಾಜೆಯವರೆಗೆ ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿದರೆ, ಅದೂ ಐದು ಜನ, ಡಿಕ್ಕಿ ತುಂಬ ಸಾಮಾನು ಇದ್ದರೆ, ಮುಂದಿನ ಡಿಸ್ಕ್ 300 ಡಿಗ್ರಿ ದಾಟಬಹುದು. ಆ ಬಿಸಿ ನಿಧಾನವಾಗಿ ಹಬ್‌ಗೆ ಹರಿಯುತ್ತದೆ. ಕೆಳಗೆ ಬಂದು ಟೀ ಕುಡಿಯಲು ನಿಲ್ಲಿಸಿದಾಗ ಇನ್ನೂ ಕೆಟ್ಟದು, ಯಾಕೆಂದರೆ ಗಾಳಿ ಇಲ್ಲ. ಒಳ್ಳೆಯ ರಿಂಗ್‌ಗಳನ್ನು ಮಾಡುವ ಪಾಲಿಕಾರ್ಬೊನೇಟ್ 145 ಡಿಗ್ರಿ ಹತ್ತಿರ ಮೆತ್ತಗಾಗುತ್ತದೆ. ಅಗ್ಗದ ಎಬಿಎಸ್ ಪ್ಲಾಸ್ಟಿಕ್ ಅದಕ್ಕಿಂತ ಎಷ್ಟೋ ಮೊದಲೇ, ನೀರು ಕುದಿಯುವ ಬಿಸಿಗೇ. ಆದರೆ ಒಂದು ಕೇಳಿ: ಭಾವನ ಕಾರು ರಿಂಗ್ ಕರಗಿದ ಮೇಲೂ ಊರು ಸೇರಿತು ಅಲ್ವಾ? ನಟ್ ಬಿಗಿದಾದ ಮೇಲೆ ರಿಂಗ್‌ನ ಮುಖ್ಯ ಕೆಲಸ ಮುಗಿದಿರುತ್ತದೆ. ಅದು ಕರಗಿದ್ದು ಗೊತ್ತಾಗಿರುವುದು ಮುಂದಿನ ಸಲ ಚಕ್ರ ತೆಗೆದಾಗಲೇ ಇರಬೇಕು. ಹಬ್ ಬಳಿ ಅಷ್ಟು ಬಿಸಿಯಾಗಿದ್ದರೆ ಅವರು ಚಿಂತೆ ಮಾಡಬೇಕಾದದ್ದು ರಿಂಗ್‌ನ ಬಗ್ಗೆ ಅಲ್ಲ, ಬ್ರೇಕ್‌ನ ಬಗ್ಗೆ. ಸೆಕೆಂಡ್ ಗೇರ್‌ನಲ್ಲಿ ಇಳಿಯಲು ಹೇಳಿ.

ಅಲ್ಯೂಮಿನಿಯಂ ಬಿಸಿಗೆ ಜಗ್ಗುವುದಿಲ್ಲ, ಅಳತೆಯೂ ನಿಖರ. ಅದರ ಶತ್ರು ನೀರು. ಉಕ್ಕಿನ ಹಬ್, ಅಲ್ಯೂಮಿನಿಯಂ ರಿಂಗ್, ನಡುವೆ ಕೆಸರು ನೀರು. ಎರಡು ಬೇರೆ ಲೋಹ ಒದ್ದೆಯಲ್ಲಿ ತಾಗಿಕೊಂಡಿದ್ದರೆ ಒಂದು ಸವೆಯುತ್ತದೆ. ಇಲ್ಲಿ ಸವೆಯುವುದು ಅಲ್ಯೂಮಿನಿಯಂ. ಬಿಳಿ ಪುಡಿ ಹುಟ್ಟಿ, ಉಬ್ಬಿ, ರಿಂಗನ್ನು ಹಬ್‌ಗೆ ಬೆಸುಗೆ ಹಾಕಿದ ಹಾಗೆ ಕಚ್ಚಿಸುತ್ತದೆ. ಬಯಲುಸೀಮೆಯಲ್ಲಿ ಇದಕ್ಕೆ ವರ್ಷಗಳು ಬೇಕು. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್ ಒಂದು ಮಳೆಗಾಲ ಸಾಕು.

ಅಂಟಿಕೊಂಡರೆ ಅಂಟಿಕೊಳ್ಳಲಿ, ಏನು ನಷ್ಟ ಅನ್ನುತ್ತೀರಾ? ನಷ್ಟ ಇದೆ, ಅದೂ ರಾತ್ರಿ ಹತ್ತು ಗಂಟೆಗೆ. ನಿಮ್ಮ ಸ್ಟೆಪ್ನಿ ಹಳೆ ಸ್ಟೀಲ್ ರಿಮ್ಮೇ ಇರಬೇಕು. ಅದರ ತೂತು 54.1. ಮಾಕುಟ್ಟ ಘಾಟಿಯಲ್ಲಿ ಪಂಕ್ಚರ್ ಆಯಿತು, ಅಲಾಯ್ ಎಳೆದಿರಿ, ಅದು ಬಂತು, ರಿಂಗ್ ಮಾತ್ರ ಹಬ್ ಮೇಲೆಯೇ ಉಳಿಯಿತು. ಈಗ ಸ್ಟೆಪ್ನಿ ಕೂರುವುದಿಲ್ಲ. ಏಣಿನ ಮೇಲೆ ಬಳೆ ತೊಡಿಸಿದಂತೆ ರಿಂಗ್ ಕೂತಿರುವಾಗ 54.1ರ ತೂತು ಹೇಗೆ ಹೊಗಬೇಕು? ಉಳಿ, ಸುತ್ತಿಗೆ ಇಲ್ಲದೆ ರಿಂಗ್ ಬರುವುದಿಲ್ಲ. ಗಿರಾಕಿಯೊಬ್ಬರು ಹೀಗೆ ಸಿಕ್ಕಿಹಾಕಿಕೊಂಡು, ಕೊನೆಗೆ ತೋಟದ ಕತ್ತಿಯ ಹಿಂಬದಿಯಿಂದ ಬಡಿದು ರಿಂಗ್ ಒಡೆದು ಬಂದರು. ಅವರಿಗೆ ಇನ್ನೂ ನನ್ನ ಮೇಲೆ ಕೋಪ ಇದೆ, ಹಾಕಿ ಕೊಟ್ಟಿದ್ದು ನಾನೇ. ಪ್ಲಾಸ್ಟಿಕ್ ಆಗಿದ್ದರೆ ಸ್ಕ್ರೂಡ್ರೈವರ್‌ನಲ್ಲಿ ಎಬ್ಬಿಸಿ ಎಸೆಯಬಹುದಿತ್ತು.

ಆ ಘಟನೆಯ ನಂತರ ನಾನು ಕೇಳುವ ಮೊದಲ ಪ್ರಶ್ನೆ, ನೀವು ಎಲ್ಲಿ ಓಡಾಡುತ್ತೀರಿ? ನಿಮ್ಮದು ತೋಟ, ಪೇಟೆ, ಆಗಾಗ ಮೈಸೂರು. ದೊಡ್ಡ ಇಳಿಜಾರು ಕಡಿಮೆ, ಕೆಸರು ಜಾಸ್ತಿ. ನಿಮಗೆ ಒಳ್ಳೆಯ ಪಾಲಿಕಾರ್ಬೊನೇಟ್ ಅಥವಾ ನೈಲಾನ್ ರಿಂಗ್ ಸಾಕು. ನಾಲ್ಕರ ಬದಲು ಆರು ತೆಗೆದುಕೊಂಡು ಎರಡನ್ನು ಡ್ಯಾಶ್‌ಬೋರ್ಡ್ ಖಾನೆಯಲ್ಲಿ ಇಟ್ಟುಕೊಳ್ಳಿ. ಟಯರ್ ಬೆಲೆಯ ಮುಂದೆ ಅದೇನೂ ದೊಡ್ಡ ಖರ್ಚಲ್ಲ. ವಾರಕ್ಕೆರಡು ಸಲ ಸುಳ್ಯ, ಮಂಗಳೂರು ಎಂದು ಘಾಟಿ ಇಳಿಯುವ ನಿಮ್ಮ ಭಾವನಿಗಾದರೆ ಮುಂದಿನ ಎರಡಕ್ಕೆ ಅಲ್ಯೂಮಿನಿಯಂ ಹಾಕಿ ಎನ್ನುತ್ತೇನೆ, ವರ್ಷಕ್ಕೆ ಎರಡು ಸಲ ಬಿಚ್ಚಿ ನೋಡುವ ಶಿಸ್ತು ಇದ್ದರೆ ಮಾತ್ರ. ಟಯರ್ ಹಿಂದೆ ಮುಂದೆ ಬದಲಿಸುವಾಗ ರಿಂಗ್‌ಗಳನ್ನೂ ಬದಲಿಸಿಕೊಳ್ಳಬೇಕು, ಅದು ಅವರಿಗೆ ತಲೆನೋವು. ಏನೂ ಹಾಕದೆ, ನಟ್ ಸರಿಯಾಗಿ ಬಿಗಿಸಿಕೊಂಡು ಓಡಿಸುವ ದಾರಿಯೂ ಇದೆ. ಓರೆ ನಟ್ ಇರುವ ನಿಮ್ಮ ಕಾರಿಗೆ ಅದು ತಪ್ಪಲ್ಲ. ಆದರೆ ಪ್ರತಿ ಪಂಕ್ಚರ್ ಅಂಗಡಿಯವನೂ ಸರಿಯಾಗಿ ಬಿಗಿಯುತ್ತಾನೆ ಎಂದು ನಂಬಬೇಕಾಗುತ್ತದೆ.

ಹಾಕುವಾಗ ಹತ್ತಿರ ನಿಂತು ನೋಡಿ. ಹಬ್‌ನ ಮುಖ ಮತ್ತು ಏಣಿನ ಮೇಲಿನ ತುಕ್ಕು, ಮಣ್ಣನ್ನು ತಂತಿ ಬ್ರಷ್‌ನಲ್ಲಿ ಉಜ್ಜಬೇಕು, ಲೋಹ ಕಾಣುವವರೆಗೆ. ರಿಂಗನ್ನು ಮೊದಲು ರಿಮ್‌ಗೆ ಕೈಯಿಂದ ಒತ್ತಿ ಕೂರಿಸಿ. ಸುತ್ತಿಗೆ ಬೇಕಾದರೆ ಅಳತೆ ತಪ್ಪು, ತಾನಾಗಿ ಬಿದ್ದುಹೋದರೂ ಅಳತೆ ತಪ್ಪು. ಅಲ್ಯೂಮಿನಿಯಂ ಆದರೆ ಏಣಿನ ಸುತ್ತ ಮಾತ್ರ ಆ್ಯಂಟಿ-ಸೀಜ್ ಪೇಸ್ಟ್ (ಲೋಹಗಳು ಕಚ್ಚಿಕೊಳ್ಳದಂತೆ ತಡೆಯುವ ಪೇಸ್ಟ್) ತೆಳ್ಳಗೆ ಸವರಿ. ಹಬ್‌ನ ಮುಖಕ್ಕೆ, ಸ್ಟಡ್‌ನ ಮರೆಗೆ (ನಟ್ ಸುತ್ತಿ ಹತ್ತುವ ಗೆರೆಗಳಿಗೆ) ಏನೂ ಬೇಡ, ಮರೆಗೆ ಎಣ್ಣೆ ಹಾಕಿದರೆ ಅದೇ ಟಾರ್ಕ್‌ನಲ್ಲಿ (ತಿರುಗಿಸಿ ಬಿಗಿಯುವ ಬಲದಲ್ಲಿ) ಸ್ಟಡ್ ಮೇಲೆ ಎಳೆತ ಜಾಸ್ತಿಯಾಗುತ್ತದೆ. ನಾಲ್ಕೂ ನಟ್ ಕೈಯಲ್ಲೇ ತಿರುಗಿಸಿ ಹಿಡಿಸಿ. ಚಕ್ರ ಗಾಳಿಯಲ್ಲಿರುವಾಗಲೇ ಎದುರುಬದುರಾಗಿ ಸ್ವಲ್ಪ ಸ್ವಲ್ಪ ಬಿಗಿದು, ನಡುವೆ ಚಕ್ರವನ್ನು ಅಲ್ಲಾಡಿಸಿ ಕೂರಿಸಿ. ಕೆಳಗಿಳಿಸಿದ ಮೇಲೆ ಟಾರ್ಕ್ ರೆಂಚ್. ಸಣ್ಣ ಕಾರುಗಳಿಗೆ ಇದು ಸುಮಾರು 85ರಿಂದ 110 ನ್ಯೂಟನ್ ಮೀಟರ್ ಇರುತ್ತದೆ. ಕಾರಿನ ಪುಸ್ತಕದಲ್ಲಿ ಬರೆದದ್ದೇ ಕೊನೆಯ ಮಾತು. ಹೊಸ ಅಲಾಯ್ ಜೊತೆ ಬಂದ ನಟ್ ಬಳಸುತ್ತಿದ್ದರೆ ಮರೆ 12–1.25 (12 ಮಿಲಿಮೀಟರ್ ದಪ್ಪ, ಗೆರೆಯಿಂದ ಗೆರೆಗೆ 1.25 ಮಿಲಿಮೀಟರ್) ಇದೆಯೇ ನೋಡಿಕೊಳ್ಳಿ, ಹುಂಡೈ, ಹೋಂಡಾದ 1.5ರ ನಟ್ ಬಲವಂತವಾಗಿ ಹತ್ತಿಸಿದರೆ ಸ್ಟಡ್ ಹಾಳು. ನೂರು ಕಿಲೋಮೀಟರ್ ಓಡಿದ ಮೇಲೆ ಇನ್ನೊಮ್ಮೆ ಟಾರ್ಕ್ ನೋಡಿ.

ಬ್ಯಾಲೆನ್ಸಿಂಗ್‌ಗೆ ಕೊಡುವಾಗ ಪ್ಲಾಸ್ಟಿಕ್ ರಿಂಗ್ ತೆಗೆದು ಕೊಡಿ. ಮೆಷಿನ್‌ನ ಕೋನ್ ರಿಂಗ್ ಮೇಲೆ ಕೂತರೆ ರಿಂಗ್ ಸೀಳುತ್ತದೆ, ಲೆಕ್ಕವೂ ತಪ್ಪುತ್ತದೆ. ಮತ್ತೆ ಹಾಕಿದ್ದಾರಾ ಎಂದು ಎಣಿಸಿ. ವರ್ಷಗಳ ಹಿಂದೆ ನಾನೇ ಒಂದು ರಿಂಗನ್ನು ಮೆಷಿನ್ ಮೇಜಿನ ಮೇಲೆ ಮರೆತು ಚಕ್ರ ಹಾಕಿ ಕಳಿಸಿದ್ದೆ. ಗಿರಾಕಿ ಶ್ರೀರಂಗಪಟ್ಟಣದಿಂದ ಫೋನ್ ಮಾಡಿ ಬೈದರು. ಫೋನ್ ಹಿಡಿದುಕೊಂಡೇ ತಿರುಗಿ ನೋಡಿದರೆ ರಿಂಗ್ ಮೇಜಿನ ಮೇಲೆ ನನ್ನನ್ನೇ ನೋಡುತ್ತಿತ್ತು.

ಉಳಿದದ್ದು ನೋಡಿಕೊಳ್ಳುವುದು. ಕಾಫಿ ಹೂ ಅರಳಿಸುವ ಹೂಮಳೆ ಮುಗಿದು ಮುಂಗಾರು ಶುರುವಾಗುವ ಮೊದಲು, ಮೇ ತಿಂಗಳಲ್ಲಿ ಒಮ್ಮೆ. ಕಕ್ಕಡದ (ಆಟಿ ತಿಂಗಳ) ಮಳೆ ಕಳೆದು, ಸೆಪ್ಟೆಂಬರ್ ಮೊದಲಿಗೆ ಬರುವ ಕೊಡವರ ಆಯುಧ ಹಬ್ಬ ಕೈಲ್ ಪೊಳ್ದ್ ಹೊತ್ತಿಗೆ ಇನ್ನೊಮ್ಮೆ. ಮನೆಯ ಕೋವಿ, ಕತ್ತಿಗಳನ್ನು ಒರೆಸಿಡುವ ದಿನಗಳಲ್ಲಿ ನಾಲ್ಕು ಚಕ್ರವನ್ನೂ ಬಿಚ್ಚಿಬಿಡಿ, ಮರೆತು ಹೋಗುವುದಿಲ್ಲ. ರಿಮ್‌ನ ಒಳಮೈ ತೊಳೆಯಿರಿ, ಹಬ್ ಉಜ್ಜಿ, ರಿಂಗ್ ತೆಗೆದು ಬೆಳಕಿಗೆ ಹಿಡಿದು ಕೂದಲೆಳೆ ಬಿರುಕು ಇದೆಯಾ ನೋಡಿ. ಪ್ಲಾಸ್ಟಿಕ್ ರಿಂಗನ್ನು ಸೋಪಿನ ನೀರಲ್ಲಿ ತೊಳೆಯಿರಿ. ಪೆಟ್ರೋಲ್, ಥಿನ್ನರ್, ಬ್ರೇಕ್ ಕ್ಲೀನರ್ ತಾಗಿಸಬೇಡಿ, ಪಾಲಿಕಾರ್ಬೊನೇಟ್‌ಗೆ ಅವು ವಿಷ. ತೊಳೆದ ದಿನ ಚೆನ್ನಾಗಿದ್ದು ವಾರದಲ್ಲಿ ಸೀಳುತ್ತದೆ. ಅಂಚು ಉರುಟಾಗಿದ್ದರೆ, ಒಳಮೈ ಹೊಳೆಯುತ್ತಾ ಸವೆದಿದ್ದರೆ, ಹಬ್ ಮೇಲೆ ಹಾಕಿ ನೋಡಿದಾಗ ಆಡಿದರೆ ಎಸೆದುಬಿಡಿ. ಅಲ್ಯೂಮಿನಿಯಂನಲ್ಲಿ ಬಿಳಿ ಪುಡಿ ಕಂಡರೆ ಸಣ್ಣ ಮರಳು ಕಾಗದದಲ್ಲಿ ಪುಡಿಯನ್ನು ಮಾತ್ರ ಒರೆಸಿ, ಲೋಹ ಉಜ್ಜಿ ಅಳತೆ ಕೆಡಿಸಬೇಡಿ.

ಹಾಗೇ ಆ ದಿನ ಸ್ಟೆಪ್ನಿಯನ್ನೂ ಇಳಿಸಿ, ಒಮ್ಮೆ ಮುಂದಿನ ಹಬ್‌ಗೆ ಹಾಕಿ ನೋಡಿ. ಅದಕ್ಕೆ ಯಾವ ನಟ್ ಹಿಡಿಯುತ್ತದೆ ಎನ್ನುವುದೂ ಗೊತ್ತಾಗಲಿ. ಹೊಸ ಅಲಾಯ್ ನಟ್‌ಗಳಿಗೆ ಬೇರೆ ಕೀ ಕೊಟ್ಟಿದ್ದರೆ ಅದು ಮನೆಯ ಡ್ರಾಯರ್‌ನಲ್ಲಿ ಅಲ್ಲ, ಜಾಕ್ ಜೊತೆ ಡಿಕ್ಕಿಯಲ್ಲಿ ಇರಬೇಕು.